ಸಿಂಗಾಪುರದ ಹೊಳೆಯ ದಡದಲ್ಲಿ ಒಂದು ಹಳೆಯ ಪ್ರಶ್ನೆ



ಎರಡು ತಿಂಗಳಿನಿಂದ ಮಾಷ್ಟ್ರು ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಕೆಲವರು ಫೋನ್ ಮಾಡಿ ವಿಚಾರಿಸಿದಿರಿ. ಆರೋಗ್ಯಕ್ಕೆ ಏನೂ ಆಗಿಲ್ಲ. ಮಗಳು ಮತ್ತು ಅಳಿಯ ಸಿಂಗಾಪುರದಲ್ಲಿರುವುದು ನಿಮಗೆ ತಿಳಿದದ್ದೇ. ಮೊಮ್ಮಗಳ ಒತ್ತಾಯಕ್ಕೆ ಕಟ್ಟುಬಿದ್ದು ನಾನೂ ನನ್ನಾಕೆಯೂ ಅಲ್ಲಿಗೆ ಹೋಗಿ ಬಂದೆವು. ಹೋದವರೆಲ್ಲ ಅಲ್ಲಿನ ಸ್ವಚ್ಛತೆಯನ್ನೂ ಶಿಸ್ತನ್ನೂ ಬಣ್ಣಿಸಿ ಬರೆದಿದ್ದಾರೆ. ಅದನ್ನೇ ಮತ್ತೆ ಬರೆಯುವ ಉಮೇದು ನನಗಿಲ್ಲ. ನಾನು ಬರೆಯಹೊರಟಿರುವುದು ಆ ಊರಿನ ನಡುವೆ ಹರಿಯುವ ಮೂರು ಕಿಲೋಮೀಟರ್‌ಗಿಂತ ತುಸು ಉದ್ದದ ಒಂದು ಸಣ್ಣ ಹೊಳೆಯ ಕುರಿತು, ಅದರ ದಡದಲ್ಲಿ ನನಗೆ ನೆನಪಾದ ಒಂದು ಪ್ರಶ್ನೆಯ ಕುರಿತು.

ಪ್ರಶ್ನೆ ಕೇಳಿದವನು ನಿಮ್ಮಲ್ಲೇ ಒಬ್ಬ. ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ಇತಿಹಾಸ ಪಾಠ ಮಾಡುವಾಗ, ಪಠ್ಯಪುಸ್ತಕದಲ್ಲಿ ಇಲ್ಲದಿದ್ದರೂ, ನಮ್ಮ ಸೀಮೆಯ ಕತೆಯೆಂಬ ಅಭಿಮಾನದಿಂದ ನಾನು 1837ರ ಅಮರ ಸುಳ್ಯದ ದಂಗೆಯನ್ನು ಸೇರಿಸಿ ಹೇಳುತ್ತಿದ್ದೆನಲ್ಲ, ನಿಮಗೆ ನೆನಪಿರಬಹುದು. 1834ರಲ್ಲಿ ಕಂಪೆನಿ ಸರಕಾರ ಚಿಕವೀರರಾಜನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ತನಕ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ನಗದನ್ನೇ ತರಬೇಕಾಯಿತು. ಗದ್ದೆಯಲ್ಲಿ ಭತ್ತ ಇದ್ದವನ ಕೈಯಲ್ಲಿ ರೂಪಾಯಿ ಎಲ್ಲಿಂದ ಬರಬೇಕು? 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಬಂಟ್ವಾಳವನ್ನು ದಾಟಿ ಮಂಗಳೂರನ್ನೇ ಹಿಡಿಯಿತು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಸೈನ್ಯ ಬಂತು, ದಂಗೆ ಮುರಿಯಿತು. ಮುಂದಾಳುಗಳನ್ನು ಗಲ್ಲಿಗೇರಿಸಿದರು, ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು ಅದೇ ವರ್ಷದ ಅಕ್ಟೋಬರ್ 31ರಂದು. ಇನ್ನು ಕೆಲವರನ್ನು ಸಿಂಗಾಪುರಕ್ಕೆ ಗಡೀಪಾರು ಮಾಡಿದರು.

ಇಲ್ಲಿಗೆ ನಾನು ಪಾಠ ನಿಲ್ಲಿಸುತ್ತಿದ್ದೆ. ಆ ದಿನ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಸರ್, ಸಿಂಗಾಪುರದಲ್ಲಿ ಅವರನ್ನು ಏನು ಮಾಡಿದರು?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವ ದೊಡ್ಡತನವೂ ಆ ವಯಸ್ಸಿನಲ್ಲಿ ನನಗಿರಲಿಲ್ಲ. “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ” ಎಂದೆ. ತರಗತಿ ನಕ್ಕಿತು. ಇಡೀ ಕತೆಯೇ ಪರೀಕ್ಷೆಗೆ ಬರುವಂಥದ್ದಲ್ಲ ಎಂಬುದು ಆಗ ನನಗೂ ಹೊಳೆಯಲಿಲ್ಲ, ನಕ್ಕವರಿಗೂ ಹೊಳೆಯಲಿಲ್ಲ. ಹುಡುಗ ಕುಳಿತುಕೊಂಡ. ಮತ್ತೆ ಯಾವ ಪಾಠದಲ್ಲಿಯೂ ಅವನು ಎದ್ದು ನಿಂತದ್ದು ನನಗೆ ನೆನಪಿಲ್ಲ.

ಮಗಳು ನಮ್ಮನ್ನು ಮೊದಲು ಕರೆದೊಯ್ದದ್ದು ಕ್ಲಾರ್ಕ್ ಕೀ ಎಂಬಲ್ಲಿಗೆ. ‘ಕೀ’ ಎಂದರೆ ದೋಣಿಗಳಿಂದ ಸರಕು ಇಳಿಸುವ ಕಟ್ಟೆ, ನಮ್ಮ ಕಡೆಯ ‘ಧಕ್ಕೆ’ ಇದ್ದಂತೆ. ಹೊಳೆಯ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ರಾಬರ್ಟ್‌ಸನ್ ಕೀ, ಕ್ಲಾರ್ಕ್ ಕೀ, ಬೋಟ್ ಕೀ ಎಂದು ಇಂಥ ಮೂರು ಧಕ್ಕೆಗಳ ಕೇರಿಗಳಿವೆ. ಸಾಲಾಗಿ ನಿಂತ ಹಳೆಯ ಗೋದಾಮುಗಳಿಗೆ ಬಣ್ಣ ಬಳಿದು, ಹಂಚಿನ ಮಾಡು ಉಳಿಸಿ, ಒಳಗೆ ಊಟದ ಮನೆ, ಅಂಗಡಿ, ಸಂಗೀತದ ತಾಣಗಳನ್ನು ಮಾಡಿದ್ದಾರೆ. ಹೊಳೆಯ ನೀರು ತಿಳಿಯಾಗಿದೆ, ದಡದಲ್ಲಿ ಮರಗಳ ನೆರಳಿದೆ, ನಡೆಯುವವರಿಗಷ್ಟೇ ಮೀಸಲಾದ ಅಗಲವಾದ ಹಾದಿಯಿದೆ. ಮೊಮ್ಮಗಳು ನೀರಿನತ್ತ ಕೈ ತೋರಿಸಿ, “ಅಜ್ಜ, ನೋಡಿ ನೋಡಿ” ಎಂದು ಕೂಗಿದಳು. ನೀರುನಾಯಿಗಳ ಒಂದು ಸಂಸಾರ ತಲೆಯೆತ್ತಿ ಈಜುತ್ತಿತ್ತು. ಕುಮಾರಧಾರೆಯಲ್ಲಿ ಬಾಲ್ಯದಲ್ಲಿ ಕಂಡ ಪ್ರಾಣಿಯನ್ನು ಗಗನಚುಂಬಿ ಕಟ್ಟಡಗಳ ಬುಡದಲ್ಲಿ ಮತ್ತೆ ಕಾಣುತ್ತೇನೆಂದು ನಾನು ಎಣಿಸಿರಲಿಲ್ಲ.

ಈ ಹೊಳೆ ಹೀಗಿರಲಿಲ್ಲ. 1819ರ ಜನವರಿಯಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ಎಂಬ ಕಂಪೆನಿಯ ಅಧಿಕಾರಿ ಇದರ ಅಳಿವೆಯಲ್ಲಿ ಇಳಿದು ವ್ಯಾಪಾರದ ಠಾಣೆ ತೆರೆದ. ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಚೀನಾ, ಮಲಯ, ಜಾವಾ, ಅರಬಸ್ಥಾನ, ಭಾರತಗಳಿಂದ ಹಡಗುಗಳು ನುಗ್ಗಿದವು. ದೊಡ್ಡ ಹಡಗುಗಳು ಹೊರಗೆ ಆಳದ ನೀರಿನಲ್ಲಿ ನಿಲ್ಲುತ್ತಿದ್ದವು. ಸರಕನ್ನು ಚಪ್ಪಟೆ ತಳದ ದೋಣಿಗಳಿಗೆ ಇಳಿಸಿ ಹೊಳೆಯೊಳಗೆ ತರುತ್ತಿದ್ದರು. ನಮ್ಮ ಮಂಗಳೂರಿನ ಹಳೆ ಬಂದರಿನ ಮಂಜಿಗಳನ್ನು ಕಂಡವರಿಗೆ ಈ ಚಿತ್ರ ಸುಲಭವಾಗಿ ಅರ್ಥವಾದೀತು. ಮೊದಮೊದಲು ಆ ದೋಣಿಗಳನ್ನು ನಡೆಸುತ್ತಿದ್ದವರಲ್ಲಿ ಹೆಚ್ಚಿನವರು ಕೋರಮಂಡಲ ತೀರದಿಂದ ಹೋದ ಚೂಲಿಯರೆಂಬ ತಮಿಳು ಮುಸಲ್ಮಾನರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಕಸುಬು ಚೀನೀಯರ ಕೈಸೇರಿತು. ಚೀನೀ ದೋಣಿಗಳ ಮೂತಿಯಲ್ಲಿ ಎರಡು ಕಣ್ಣುಗಳನ್ನು ಬರೆಯುತ್ತಿದ್ದರು, ದೋಣಿಗೂ ದಾರಿ ಕಾಣಬೇಕೆಂದು! ಪ್ರವಾಸಿಗರನ್ನು ಸುತ್ತಾಡಿಸುವ ಈಗಿನ ದೋಣಿಗಳಲ್ಲೂ ಆ ಕಣ್ಣುಗಳನ್ನು ಕಂಡೆ. ಬೋಟ್ ಕೀ ಇರುವಲ್ಲಿ ಹೊಳೆ ಕಾರ್ಪ್ ಮೀನಿನ ಹೊಟ್ಟೆಯಂತೆ ಉಬ್ಬಿದೆ. ಅಂಥ ತಾಣದಲ್ಲಿ ಲಕ್ಷ್ಮಿ ನೆಲೆಸುತ್ತಾಳೆಂದು ಅವರ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ಒಂದು ಕಾಲಕ್ಕೆ ಸಿಂಗಾಪುರದ ಬಹುಪಾಲು ವ್ಯಾಪಾರ ಆ ಒಂದು ಬಾಗಿನಲ್ಲೇ ನಡೆಯುತ್ತಿತ್ತು.

ಲಕ್ಷ್ಮಿಯ ಹಿಂದೆಯೇ ಕೊಳಕೂ ಬಂತು. ನೂರೈವತ್ತು ವರ್ಷಗಳ ಕಾಲ ದೋಣಿಗಳ ಎಣ್ಣೆ, ಬೀದಿ ಅಡುಗೆಯ ಮುಸುರೆ, ಹಂದಿ ಮತ್ತು ಬಾತುಕೋಳಿ ಸಾಕಣೆಯ ರೊಚ್ಚು, ಚರಂಡಿಯಿಲ್ಲದ ಜೋಪಡಿಗಳ ಹೊಲಸು ಎಲ್ಲವೂ ನೀರಿಗೆ ಸೇರಿ, ಹೊಳೆ ಕಪ್ಪಾಗಿ ನಾರತೊಡಗಿತು. 1977ರ ಫೆಬ್ರವರಿಯಲ್ಲಿ ಪ್ರಧಾನಿ ಲೀ ಕ್ವಾನ್ ಯೂ, ಹತ್ತು ವರ್ಷಗಳಲ್ಲಿ ಈ ಹೊಳೆಯಲ್ಲೂ ಪಕ್ಕದ ಕಲ್ಲಾಂಗ್ ಹೊಳೆಯಲ್ಲೂ ಗಾಳ ಹಾಕಿ ಮೀನು ಹಿಡಿಯುವಂತಾಗಬೇಕೆಂದು ಅಧಿಕಾರಿಗಳಿಗೆ ಗಡುವು ಕೊಟ್ಟರು. ಕೇಳಿದವರಿಗೆ ಅದು ಆಗದ ಹೋಗದ ಮಾತೆಂದು ತೋರಿರಬೇಕು. ಆದರೆ ಕೆಲಸ ನಡೆಯಿತು. ಸುಮಾರು 26,000 ಕುಟುಂಬಗಳನ್ನು ಸರಕಾರಿ ವಸತಿಗಳಿಗೆ ಸ್ಥಳಾಂತರಿಸಿದರು. ಐದು ಸಾವಿರದಷ್ಟು ಬೀದಿ ವ್ಯಾಪಾರಿಗಳಿಗೆ ನಲ್ಲಿ, ಚರಂಡಿ, ಮಾಡು ಇರುವ ಸಂತೆಮನೆಗಳನ್ನು ಕಟ್ಟಿಕೊಟ್ಟರು. ಆರುನೂರಕ್ಕೂ ಮಿಕ್ಕಿದ ಹಂದಿ ಸಾಕಣೆಗಳನ್ನೂ ಸುಮಾರು 500 ಬಾತುಕೋಳಿ ಸಾಕಣೆಗಳನ್ನೂ ಎತ್ತಿದರು. 1983ರಲ್ಲಿ ಎಂಟುನೂರರಷ್ಟು ಸರಕು ದೋಣಿಗಳು ಹೊಳೆಯನ್ನು ಬಿಟ್ಟು ಪಾಸಿರ್ ಪಂಜಾಂಗ್ ಎಂಬಲ್ಲಿಗೆ ಹೋದವು. ತಳದ ಕೆಸರನ್ನು ಅಗೆದು ತೆಗೆದರು. 1987ರಲ್ಲಿ ಕೆಲಸ ಮುಗಿಯಿತು. ಪರಿಹಾರದ ಹಣ ಬಿಟ್ಟು, ಆದ ಖರ್ಚು ಸುಮಾರು 17 ಕೋಟಿ ಸಿಂಗಾಪುರ ಡಾಲರು. 1989ರಲ್ಲಿ ದಡದ ಹಳೆಯ ಕಟ್ಟಡಗಳನ್ನು ಕೆಡವದೆ ಕಾಪಾಡಬೇಕೆಂದು ಕಾನೂನಾಯಿತು. 1993ರಲ್ಲಿ ಕ್ಲಾರ್ಕ್ ಕೀ ಹೊಸ ರೂಪದಲ್ಲಿ ತೆರೆಯಿತು. 2008ರಲ್ಲಿ ಸಮುದ್ರದ ಬಾಯಿಗೆ ಮರೀನಾ ಬ್ಯಾರೇಜ್ ಎಂಬ ಅಣೆಕಟ್ಟು ಬಂದ ಮೇಲೆ, ಒಂದು ಕಾಲದ ಉಪ್ಪುನೀರಿನ ಹೊಳೆ ಇಂದು ಕುಡಿಯುವ ನೀರಿನ ಜಲಾಶಯದ ಭಾಗವಾಗಿದೆ.

ನಮ್ಮ ಹೊಳೆಗಳನ್ನು ನೆನೆದು ನಾನು ನಿಟ್ಟುಸಿರು ಬಿಟ್ಟದ್ದು ನಿಜ. ಆದರೂ ಒಂದು ಮಾತು ಹೇಳಬೇಕು. ದೋಣಿಗಳು ಹೋದಾಗ ದೋಣಿಯವರ ಬದುಕೂ ಅಲ್ಲಿಂದ ಎದ್ದುಹೋಯಿತು. ಕೆವೆನಾ ಸೇತುವೆಯ ಬಳಿ, ದಡದ ಅಂಚಿನಿಂದ ಐದು ಮಂದಿ ಹುಡುಗರು ಬೆತ್ತಲೆ ಮೈಯಲ್ಲಿ ನೀರಿಗೆ ಜಿಗಿಯುತ್ತಿರುವ ಕಂಚಿನ ಶಿಲ್ಪವೊಂದಿದೆ. ಚೋಂಗ್ ಫಾ ಚಿಯೋಂಗ್ ಎಂಬ ಶಿಲ್ಪಿ 2000ದಲ್ಲಿ ಮಾಡಿದ್ದು. ಅದರ ಹೆಸರು ‘ಮೊದಲ ತಲೆಮಾರು’. ಕೊಳಕು ಹೊಳೆಯಲ್ಲಿ ನಿಜವಾದ ಮಕ್ಕಳು ಜಿಗಿಯುತ್ತಿದ್ದರು. ತಿಳಿಯಾದ ಹೊಳೆಯಲ್ಲಿ ಕಂಚಿನ ಮಕ್ಕಳು ಜಿಗಿಯುತ್ತಿದ್ದಾರೆ. ಸಮೀಪದಲ್ಲಿಯೇ ಮೂಟೆ ಹೊರುವ ಕೂಲಿಯಾಳುಗಳ, ಎತ್ತಿನ ಗಾಡಿಯವರ, ಲೇವಾದೇವಿಯ ಚೆಟ್ಟಿಯಾರರ ಶಿಲ್ಪಗಳೂ ಇವೆ. ಹೊಳೆಯಿಂದ ಮರೆಯಾದವರನ್ನು ಮರೆಯಬಾರದೆಂಬ ಎಚ್ಚರ ಆ ಊರಿಗೆ ಇದೆ ಎಂಬುದನ್ನು ಒಪ್ಪಲೇಬೇಕು. ಬೀದಿ ಅಡುಗೆಯವರ ಸಂತೆಮನೆಗಳಂತೂ ಬೆಳೆದು ಬಾಳಿ, 2020ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೇ ಸೇರಿದವು. ನನ್ನಾಕೆ ಅಲ್ಲಿ ದೋಸೆ ತಿಂದು, “ಉದ್ದು ಸ್ವಲ್ಪ ಕಡಿಮೆ” ಎಂದು ತೀರ್ಪು ಕೊಟ್ಟಳು.

ಕೆವೆನಾ ಸೇತುವೆಯ ಮೇಲೆ ನಿಂತಾಗ ನನ್ನ ಪ್ರಶ್ನೆ ನೆನಪಾಯಿತು. ಅದು ಕಬ್ಬಿಣದ ತೂಗುಸೇತುವೆ. ಕಬ್ಬಿಣ ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ. ದನಗಳನ್ನೂ ಕುದುರೆಗಳನ್ನೂ ಭಾರದ ಗಾಡಿಗಳನ್ನೂ ದಾಟಿಸಕೂಡದೆಂಬ ಹಳೆಯ ಪೊಲೀಸು ಫಲಕ ಇಂದಿಗೂ ಅಲ್ಲಿದೆ. ಸಿಂಗಾಪುರವನ್ನು ಕಲ್ಕತ್ತೆಯ ಸರಕಾರದ ಅಧೀನದಲ್ಲಿ ಆಳಿದ ಕೊನೆಯ ಗವರ್ನರನ ಹೆಸರು ಸೇತುವೆಗೆ. ಅದನ್ನು ಕಟ್ಟಿ ನಿಲ್ಲಿಸಿದವರು ಯಾರು ಎಂದು ಕೇಳಿದರೆ, ಭಾರತದ ಕೈದಿಗಳು. 1869ರಲ್ಲಿ ಮುಗಿದ ಈ ಸೇತುವೆ, ಅಲ್ಲಿ ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಕೊನೆಯದು. ಆ ವಾಕ್ಯವನ್ನು ಓದಿದೊಡನೆ ಕೊನೆಯ ಬೆಂಚಿನ ಹುಡುಗ ನನ್ನೆದುರಿಗೆ ಎದ್ದು ನಿಂತ. ಮೊಮ್ಮಗಳು ಕೈ ಹಿಡಿದು ಎಳೆಯುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕಂಬಿಗೆ ಒರಗಿ ನಿಂತೆ.

ಅಂದಿನಿಂದ ನಮ್ಮ ತಿರುಗಾಟದ ರೀತಿಯೇ ಬದಲಾಯಿತು. ಮಗಳ ಮನೆಯಲ್ಲಿ ರಾತ್ರಿ ಕುಳಿತು ಓದುವುದು, ಬೆಳಿಗ್ಗೆ ಹೋಗಿ ನೋಡುವುದು. ಅಳಿಯನೂ ಉತ್ಸಾಹದಿಂದ ಪುಸ್ತಕಗಳನ್ನು ಹುಡುಕಿ ತಂದುಕೊಟ್ಟ. ಓದಿದ್ದರ ಸಾರವನ್ನು ಇಲ್ಲಿ ಹೇಳುತ್ತೇನೆ.

1824ರಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ಒಪ್ಪಂದವಾಗಿ, ಸುಮಾತ್ರಾ ದ್ವೀಪದ ಬೆಂಕೂಲೆನ್ ಎಂಬ ಇಂಗ್ಲಿಷ್ ಠಾಣೆ ಡಚ್ಚರ ಪಾಲಾಯಿತು. ಅಲ್ಲಿದ್ದ ಭಾರತೀಯ ಕೈದಿಗಳನ್ನು 1825ರ ಏಪ್ರಿಲ್‌ನಲ್ಲಿ ಸಿಂಗಾಪುರಕ್ಕೆ ಸಾಗಿಸಿದರು. ಬೆಂಕೂಲೆನ್ ಹೆಸರಿನ ಬೀದಿ ಇಂದಿಗೂ ಅಲ್ಲಿದೆ. ಆಮೇಲೆ ಬಂಗಾಳ, ಮದರಾಸು, ಮುಂಬಯಿ ಪ್ರಾಂತಗಳಿಂದ ನೇರವಾಗಿ ಕೈದಿಗಳು ಬರತೊಡಗಿದರು. ನಮ್ಮ ಕೆನರಾ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು ಎಂಬುದನ್ನು ನೀವು ಮರೆತಿರಲಾರಿರಿ. ಕಡಲು ದಾಟಿದರೆ ಜಾತಿ ಕೆಡುತ್ತದೆಂದು ನಂಬಿದ್ದ ಕಾಲ ಅದು. ಅದಕ್ಕೇ ಅಲ್ಲವೆ ‘ಕರಿನೀರು’ ಎಂಬ ಹೆಸರು ಕೇಳಿದರೆ ಜನ ನಡುಗುತ್ತಿದ್ದದ್ದು? ನೇಣಿಗೆ ಹೋದವನಿಗೆ ಊರಿನಲ್ಲಿ ಒಂದು ಪಿಂಡವಾದರೂ ಇತ್ತು. ಕರಿನೀರಿಗೆ ಹೋದವನು ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದೆ ಮನೆಯವರು ಪಿಂಡ ಇಡುವುದಕ್ಕೂ ಅನುಮಾನಿಸುತ್ತಿದ್ದರು.

ಅವರಿಂದ ಮಾಡಿಸಿದ ಕೆಲಸ ಎಂಥದ್ದು! ಜೌಗು ನೆಲ ತುಂಬಿಸಿದರು, ಕಾಡು ಕಡಿದರು, ರಸ್ತೆ ಹಾಕಿದರು. ಜಾರ್ಜ್ ಕೋಲ್ಮನ್ ಎಂಬ ಐರಿಷ್ ವಾಸ್ತುಶಿಲ್ಪಿ 1833ರಿಂದ ಕೈದಿಗಳ ಮೇಲ್ವಿಚಾರಕನಾಗಿದ್ದ. ಹೊಳೆಯ ಎರಡೂ ಕಡೆಗೆ ಇಂದಿಗೂ ಮುಖ್ಯ ಬೀದಿಗಳಾದ ನಾರ್ತ್ ಬ್ರಿಡ್ಜ್ ರಸ್ತೆ, ಸೌತ್ ಬ್ರಿಡ್ಜ್ ರಸ್ತೆಗಳನ್ನು ಹಾಕಿಸಿದವನು ಅವನೇ, ಹಾಕಿದವರು ಇವರು. ಬ್ರಾಸ್ ಬಸಾ ಎಂಬಲ್ಲಿ 1841ರಿಂದ ತಮ್ಮ ಸೆರೆಮನೆಯನ್ನೂ ತಾವೇ ಕಟ್ಟಿಕೊಂಡರು. ಸೆರಂಗೂನ್ ರಸ್ತೆಯ ಬಳಿ ಇಟ್ಟಿಗೆಯ ಗೂಡುಗಳನ್ನು ನಡೆಸಿದರು. ಹುಲಿಗಳ ಕಾಟ ಹೆಚ್ಚಿದಾಗ ಹುಲಿ ಹೊಡೆಯಲು ಕಾಡಿಗೂ ಕೈದಿಗಳನ್ನೇ ಅಟ್ಟಿದರು. ಕೈದಿಗಳನ್ನು ಆರು ದರ್ಜೆಗಳಲ್ಲಿ ವಿಂಗಡಿಸಿ, ಒಳ್ಳೆಯ ನಡತೆಯವರನ್ನೇ ಉಳಿದವರಿಗೆ ಕಾವಲುಗಾರರನ್ನಾಗಿ ನೇಮಿಸುತ್ತಿದ್ದರು. ಮೇಲ್ವಿಚಾರಕನಾಗಿದ್ದ ಮೆಕ್‌ನೇರ್ ಎಂಬ ಅಧಿಕಾರಿ 1899ರಲ್ಲಿ ಇನ್ನೊಬ್ಬನ ಜೊತೆ ಸೇರಿ ಬರೆದ ಪುಸ್ತಕದ ಹೆಸರೇ ‘ಕೈದಿಗಳೇ ತಮ್ಮ ಕಾವಲುಗಾರರು’ ಎಂಬರ್ಥದ್ದು. ಹಲವು ವರ್ಷ ದುಡಿದವರಿಗೆ ಹೊರಗೆ ವಾಸ ಮಾಡಿ ಸಂಪಾದಿಸಿಕೊಳ್ಳುವ ಪರವಾನಗಿ ಸಿಗುತ್ತಿತ್ತು. ಹಾಗೆ ಹೊರಬಂದವರಲ್ಲಿ ದನ ಸಾಕಿ ಹಾಲು ಮಾರಿದವರೂ ಗಾಡಿ ಹೊಡೆದವರೂ ಇದ್ದರು. 1867ರಲ್ಲಿ ಸಿಂಗಾಪುರ ಭಾರತದ ಆಡಳಿತದಿಂದ ಬೇರೆಯಾಯಿತು. ಆಮೇಲೆ ಕೈದಿಗಳ ಹಡಗು ಬರಲಿಲ್ಲ. ಶಿಕ್ಷೆ ಮುಗಿಯದೆ ಉಳಿದವರನ್ನು 1873ರಲ್ಲಿ ಅಂಡಮಾನಿಗೆ ಸಾಗಿಸಿದರು.

ಸೇತುವೆಯ ಉತ್ತರದ ತುದಿಯಲ್ಲಿ ಎಂಪ್ರೆಸ್ ಪ್ಲೇಸ್ ಎಂಬ ಬಿಳಿಯ ಭವನವಿದೆ. 1864ರಿಂದ 1867ರ ನಡುವೆ, ಅದೇ ಮೆಕ್‌ನೇರನ ನಕ್ಷೆಯಂತೆ ಕೈದಿಗಳು ಕಟ್ಟಿದ್ದು. ಮೊದಲು ನ್ಯಾಯಾಲಯಕ್ಕೆಂದು ಎದ್ದ ಕಟ್ಟಡ, ಆಮೇಲೆ ನೂರು ವರ್ಷಕ್ಕೂ ಮೇಲ್ಪಟ್ಟು ಸರಕಾರಿ ಕಚೇರಿಯಾಗಿತ್ತು. ಸಿಂಗಾಪುರದವರು ಹುಟ್ಟು ಸಾವುಗಳನ್ನು ಬರೆಸಲು ಬರುತ್ತಿದ್ದದ್ದು ಇಲ್ಲಿಗೇ. ಹೊಳೆ ತಿಳಿಯಾದ ಮೇಲೆ ಅದು ವಸ್ತುಸಂಗ್ರಹಾಲಯವಾಯಿತು. 2003ರಿಂದ ಏಷ್ಯನ್ ನಾಗರಿಕತೆಗಳ ಸಂಗ್ರಹಾಲಯ ಅಲ್ಲಿದೆ. ನಾವು ಮೂರು ಸಲ ಹೋದೆವು. ಚೋಳರ ಕಂಚಿನ ಮೂರ್ತಿಗಳ ಮುಂದೆ ನನ್ನಾಕೆ ಕೈಮುಗಿದಳು. ಮೊಮ್ಮಗಳಿಗೆ ಮೆಚ್ಚುಗೆಯಾದದ್ದು ಮುಳುಗಿದ ಹಡಗಿನ ಸರಕು. ಒಂಬತ್ತನೆಯ ಶತಮಾನದಲ್ಲಿ ಚೀನಾದಿಂದ ಪಶ್ಚಿಮಕ್ಕೆ ಹೊರಟ ಅರಬೀ ಮಾದರಿಯ ಹಡಗೊಂದು ಬೆಲಿತುಂಗ್ ದ್ವೀಪದ ಬಳಿ ಮುಳುಗಿತ್ತು, 1998ರಲ್ಲಿ ಸಿಕ್ಕಿತು. ಅರುವತ್ತು ಸಾವಿರದಷ್ಟು ಪಿಂಗಾಣಿ ಪಾತ್ರೆಗಳು! ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಹೊಂದುವ ತಾರೀಕು ಬರೆದಿದೆ. ಆ ಹಡಗಿನ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿರಲಿಲ್ಲ, ಹಗ್ಗದಿಂದ ಹೊಲಿದಿದ್ದರು. ಹೊಲಿದ ದೋಣಿಗಳ ಆ ಕಸುಬು ನಮ್ಮ ಪಡುಗಡಲ ತೀರಕ್ಕೂ ಹೊಸತಲ್ಲ. ಸಾವಿರದ ಇನ್ನೂರು ವರ್ಷ ನೀರಿನಡಿ ಇದ್ದ ಬಟ್ಟಲಿಗೆ ತಾರೀಕು ಉಳಿದಿದೆ. ನೂರೈವತ್ತು ವರ್ಷಗಳಿಂದ ಬಿಸಿಲಲ್ಲಿ ನಿಂತ ಗೋಡೆಗೆ ಕಟ್ಟಿದವರ ಹೆಸರಿಲ್ಲ. ಕಟ್ಟಡದ ಚರಿತ್ರೆ ಬರೆಯುವವರು ‘ಕೈದಿಗಳ ದುಡಿಮೆಯಿಂದ’ ಎಂದು ಎರಡು ಪದ ಬರೆದು ಮುಂದೆ ಹೋಗುತ್ತಾರೆ. ಅವರನ್ನು ದೂರಲಾರೆ, ನಾನು ತರಗತಿಯಲ್ಲಿ ಅಷ್ಟನ್ನೂ ಹೇಳಿರಲಿಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಸಂತ ಆಂಡ್ರ್ಯೂಸ್ ಇಗರ್ಜಿ ಇದೆ. ಹಳೆಯ ಇಗರ್ಜಿಗೆ ಎರಡು ಸಲ ಸಿಡಿಲು ಹೊಡೆದು ಕೆಟ್ಟ ಮೇಲೆ, 1856ರಿಂದ 1861ರ ತನಕ ಕೈದಿಗಳು ಕಟ್ಟಿದ್ದು. ಮುಗಿಲಿಗೆ ಏರಿದ ಅದರ ಬಿಳಿ ಗೋಪುರಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಗಾರೆ. ಅದನ್ನು ಮಾಡಿದ ವಿಧಾನವನ್ನು ಮೆಕ್‌ನೇರನ ಪುಸ್ತಕ ವಿವರಿಸುತ್ತದೆ. ಚಿಪ್ಪು ಸುಟ್ಟ ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಬೆಲ್ಲವನ್ನೂ ಹಾಕಿ ಅರೆದು, ತೆಂಗಿನ ಸಿಪ್ಪೆ ನೆನೆಹಾಕಿದ ನೀರಿನಲ್ಲಿ ಕಲಸಿ ಬಳಿಯುವುದು. ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸುವುದು. ಇಂಗ್ಲಿಷರು ಇದನ್ನು ‘ಮದ್ರಾಸ್ ಚುನಾಮ್’ ಎಂದು ಕರೆದರು. ನನ್ನ ಅಜ್ಜನ ಮನೆಯ ಚಾವಡಿಯ ಗಾರೆ ನೆಲ ನೆನಪಾಯಿತು. ಮರುವಾಯಿ ಚಿಪ್ಪಿನ ಸುಣ್ಣ, ಬೆಲ್ಲದ ನೀರು, ವಾರಗಟ್ಟಲೆ ಹೆಂಗಸರು ಕುಳಿತು ಕಲ್ಲಿನಿಂದ ಉಜ್ಜುವ ಸದ್ದು! ಬೇಸಿಗೆಯಲ್ಲಿ ಆ ನೆಲದ ಮೇಲೆ ಬರಿಮೈಯಲ್ಲಿ ಮಲಗಿದರೆ ಆಗುತ್ತಿದ್ದ ತಂಪನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ದೇಶ, ಜಾತಿ, ಹೆಸರು ಎಲ್ಲವನ್ನೂ ಕಳೆದುಕೊಂಡು ಬಂದವರ ಬಳಿ ಕೈಯ ಕಸುಬು ಮಾತ್ರ ಉಳಿದಿತ್ತು. ಅದನ್ನೇ ಆ ಗೋಡೆಗೆ ಬಳಿದರು.

ಸಂಗ್ರಹಾಲಯದ ಮುಂದೆ ಒಂದು ಕಲ್ಲಿನ ಸ್ತಂಭವಿದೆ. ಯಾರ ನೆನಪಿಗೆ ಗೊತ್ತೆ? ನಾನು ನಿಮಗೆ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯ ಪಾಠ ಮಾಡುವಾಗ ಬೈದು ಬೈದು ಹೇಳುತ್ತಿದ್ದ ಅದೇ ಡಾಲ್‌ಹೌಸಿ! 1850ರಲ್ಲಿ ಅವನು ಸಿಂಗಾಪುರಕ್ಕೆ ಬಂದು ಕೆಲವು ದಿನ ಇದ್ದು ಹೋದದ್ದಕ್ಕೆ ಸ್ತಂಭ. ಹೊಳೆಯ ಕಡೆಗೆ ನಾಲ್ಕು ಹೆಜ್ಜೆ ಹೋದರೆ ಕೈಕಟ್ಟಿ ನಿಂತ ರಾಫಲ್ಸನ ಬಿಳಿಯ ಪ್ರತಿಮೆ. ಅವನು ಇಳಿದ ಜಾಗವೆಂದು 1972ರಲ್ಲಿ ಇಟ್ಟದ್ದು. 2019ರಲ್ಲಿ ಇನ್ನೂರು ವರ್ಷ ತುಂಬಿದಾಗ, ಊರು ಕಟ್ಟಿದವನು ಇವನೊಬ್ಬನೇ ಅಲ್ಲವೆಂದು ಅವನ ಪಕ್ಕದಲ್ಲಿ ಇನ್ನೂ ನಾಲ್ವರ ಪ್ರತಿಮೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿದ್ದರಂತೆ. ಅವರಲ್ಲೊಬ್ಬ ಪಿನಾಂಗಿನಿಂದ ರಾಫಲ್ಸನ ಜೊತೆ ಬಂದು, ಇಟ್ಟಿಗೆ ಗೂಡು ತೆರೆದು, ಮಾರಿಯಮ್ಮನ ಗುಡಿಯನ್ನು ಸ್ಥಾಪಿಸಿದ ನಾರಾಯಣ ಪಿಳ್ಳೈ. ಒಳ್ಳೆಯ ಯೋಚನೆ. ಕೈದಿಯ ಪ್ರತಿಮೆ ಆ ಸಾಲಿನಲ್ಲಿ ಇರಲಿಲ್ಲ. ನಮ್ಮಲ್ಲೂ ತಡವಾಯಿತು. ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ಎದ್ದದ್ದು 2022ರಲ್ಲಿ, ನೂರ ಎಂಬತ್ತೈದು ವರ್ಷಗಳ ಮೇಲೆ.

ಹೊರಡುವ ಮುನ್ನಾ ದಿನ ಸಂಜೆ ಅಳಿಯ ನಮ್ಮನ್ನು ಹೊಳೆಯ ಬಾಯಿಯಲ್ಲಿರುವ ಎಸ್‌ಪ್ಲನೇಡ್ ಎಂಬ ಕಲಾಮಂದಿರಕ್ಕೆ ಕರೆದೊಯ್ದ. 2002ರಲ್ಲಿ ತೆರೆದದ್ದು. ಮಾಡಿನ ತುಂಬ ಮುಳ್ಳುಮುಳ್ಳಾದ ಫಲಕಗಳಿರುವುದರಿಂದ ಜನ ಅದನ್ನು ಡೂರಿಯನ್ ಹಣ್ಣೆಂದು ಕರೆಯುತ್ತಾರೆ. ನಮ್ಮಾಕೆ ಹಲಸಿನ ಹಣ್ಣೆಂದಳು. ಅಲ್ಲಿ ಪ್ರತಿವರ್ಷ ಕಲಾ ಉತ್ಸವಂ ಎಂಬ ಭಾರತೀಯ ಕಲೆಗಳ ಹಬ್ಬ ನಡೆಯುತ್ತದೆ. ಹೊರಗಿನ ಜಗಲಿಯಲ್ಲಿ ಕುಳಿತು ದೀಪಗಳು ನೀರಿನಲ್ಲಿ ಅಲುಗುವುದನ್ನು ನೋಡಿದೆವು. ಮೊಮ್ಮಗಳು ನನ್ನ ತೊಡೆಗೆ ಒರಗಿ, “ಅಜ್ಜ, ನಮ್ಮ ಊರಿನವರು ಈ ಹೊಳೆಯನ್ನು ನೋಡಿದ್ದರಾ?” ಎಂದು ಕೇಳಿದಳು. ಈ ಸಲ ನಾನು ಕುಳಿತುಕೋ ಎನ್ನಲಿಲ್ಲ.

ಅವಳಿಗೆ ಹೇಳಿದ್ದನ್ನೇ ಕೊನೆಯ ಬೆಂಚಿನ ಆ ಹುಡುಗನಿಗೂ ಹೇಳುತ್ತೇನೆ. ಮಗೂ, ನೀನು ಈಗ ಐವತ್ತು ದಾಟಿದ ಗೃಹಸ್ಥನಾಗಿರುತ್ತೀಯೆ. ಆದರೂ ಮಗೂ ಎನ್ನುತ್ತೇನೆ. ನಮ್ಮ ಸೀಮೆಯಿಂದ ಹೋದವರೇ ಇಂಥ ಗೋಡೆ ಎಬ್ಬಿಸಿದರು, ಇಂಥ ಕಂಬ ನಿಲ್ಲಿಸಿದರು ಎಂದು ಬೆರಳಿಟ್ಟು ತೋರಿಸಲು ಇತಿಹಾಸದ ಮಾಷ್ಟ್ರಿಗೆ ಅಧಿಕಾರವಿಲ್ಲ. ಆದರೆ ಅವರಂಥವರನ್ನು ಅಲ್ಲಿ ಏನು ಮಾಡಿದರು ಎಂಬ ನಿನ್ನ ಪ್ರಶ್ನೆಗೆ ಉತ್ತರವಿದೆ. ಅವರಿಂದ ಒಂದು ಊರನ್ನು ಕಟ್ಟಿಸಿದರು. ರೊಕ್ಕದಲ್ಲಿ ಕಂದಾಯ ಕೊಡಲಾರೆವೆಂದು ಎದ್ದು ನಿಂತ ರೈತರು, ಜಗತ್ತಿನ ರೊಕ್ಕವೆಲ್ಲ ಹಾದುಹೋಗುವ ಬಂದರಿಗೆ ದಾರಿ ಹಾಕುವ ಆಳುಗಳ ಸಾಲಿಗೆ ಸೇರಿದರು. ಇಂದು ಲಕ್ಷಾಂತರ ಪ್ರವಾಸಿಗರು ಹೊಳೆಯ ದಡದಲ್ಲಿ ನಡೆದಾಡುತ್ತಾರೆ, ಚಿತ್ರ ತೆಗೆಯುತ್ತಾರೆ, ಸಂಗ್ರಹಾಲಯದ ತಂಪಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ನಾನೂ ಕುಳಿತಿದ್ದೆ. ಆ ತಂಪಿಗೆ ಬೆಲೆ ಕೊಟ್ಟವರು ಬೇರೆ.

ನೀನು ಕೇಳಿದ ಪ್ರಶ್ನೆ ನನ್ನ ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ಒಳ್ಳೆಯದು. ಉತ್ತರ ಕೊಡಲು ತಡವಾಯಿತು, ತರಗತಿಯೆದುರು ನಿನ್ನನ್ನು ನಗೆಗೀಡು ಮಾಡಿದೆ; ಎರಡಕ್ಕೂ ಕ್ಷಮೆಯಿರಲಿ. ಇದನ್ನು ಓದಿದರೆ ಒಮ್ಮೆ ಮನೆಗೆ ಬಾ. ಹೊಳೆಯ ದಡದಿಂದ ತಂದ ಒಂದಷ್ಟು ಚಿತ್ರಗಳಿವೆ, ಕುಳಿತು ನೋಡೋಣ. ನಿನ್ನ ಬಳಿ ಇನ್ನೂ ಪ್ರಶ್ನೆಗಳಿದ್ದರೆ ತಾ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವುದನ್ನು ಈ ಮುದುಕ ಈಗ ಕಲಿತಿದ್ದಾನೆ.

ಎಲ್ಲರಿಗೂ ಒಳ್ಳೆಯದಾಗಲಿ.